ಗಡಿಯಲ್ಲಿ ಉಳಿದ ಒಂದು ಬಾಟಲಿ ನೀರು

ಶುಕ್ರವಾರ ಮಧ್ಯಾಹ್ನ ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಮನೆಯಲ್ಲಿ ಕುಚ್ಚಲಕ್ಕಿ ಅನ್ನ ಆಗಲೇಬೇಕು. ಬೇಯಲು ಅದು ತೆಗೆದುಕೊಳ್ಳುವ ಹೊತ್ತು, ಹೀರುವ ನೀರು ನೆನೆದರೇ ನನಗೆ ಸುಸ್ತು. ಆದರೂ ಬೇಯಿಸುತ್ತೇನೆ. ಬೇರೆ ಅನ್ನ ನನ್ನ ಗಂಡನ ಗಂಟಲಲ್ಲಿ ಇಳಿಯುವುದಿಲ್ಲ.

ತೊಂಬತ್ತರ ಯುದ್ಧದ ವರ್ಷ ಕುವೈತ್ ಬಿಟ್ಟು ಓಡುವಾಗಲೂ ಅವರು ಲಾರಿಗೆ ಮೊದಲು ಹತ್ತಿಸಿದ್ದು ಕುಚ್ಚಲಕ್ಕಿಯ ಮೂಟೆಯನ್ನೇ. ಬುದ್ಧಿ ಇದ್ದವರೆಲ್ಲ ಖುಬ್ಬೂಸು ರೊಟ್ಟಿ, ಖರ್ಜೂರ ಕಟ್ಟಿಕೊಂಡಿದ್ದರು. ನಾವು ಮಂಗಳೂರಿನ ಕಡೆಯ ಬ್ಯಾರಿಗಳು, ಮರುಭೂಮಿ ದಾಟಲಿಕ್ಕೂ ಅಕ್ಕಿಯೇ ಬೇಕು! ಸಾಮಾನು ಸಾಗಿಸುವ ಲಾರಿ ಅದು. ಮೇಲೆ ಟಾರ್ಪಾಲು ಕಟ್ಟಿ, ಹಲವು ಸಂಸಾರಗಳು ಒತ್ತಿಕೊಂಡು ಕೂತು ಬಾಗ್ದಾದ್ ದಾಟಿ ಜೋರ್ಡಾನ್ ಗಡಿ ತಲುಪಿದೆವು. ನನ್ನ ಮಡಿಲಲ್ಲಿ ಇನ್ನೂ ನಡೆಯಲು ಬಾರದ ಮಗಳು. ಪಕ್ಕದಲ್ಲಿ ನಮ್ಮ ಮೇಲಿನ ಮನೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ನಾವೆಲ್ಲ ಬಾಯಿ ಎಂದೇ ಕರೆಯುತ್ತಿದ್ದ ಆಸ್ಪತ್ರೆಯ ನರ್ಸ್, ತನ್ನ ಪುಟ್ಟ ಮಗನ ಜೊತೆ.

ಗಡಿಯಲ್ಲಿ ನಮ್ಮನ್ನು ಯಾರೂ ಒಳಗೆ ಬಿಡಲಿಲ್ಲ. ಬಿಸಿಲಿಗೆ ಕಾದ ಡೇರೆಗಳು, ಬಂದಾಗ ಬರುವ ನೀರಿನ ಟ್ಯಾಂಕರ್. ಮಗಳಿಗೆ ಭೇದಿ ಹಿಡಿಯಿತು.

"ಗಂಜಿತಿಳಿಗೆ ಉಪ್ಪು ಹಾಕಿ ಕುಡಿಸು ಮಾರಾಯ್ತಿ, ಬೇರೆ ಎಂತ ಮದ್ದು ಉಂಟು ಇಲ್ಲಿ?" ಎಂದಳು ಬಾಯಿ.

ಅಕ್ಕಿ ಮೂಟೆ ತುಂಬ ಇತ್ತು. ಅದನ್ನು ಬೇಯಿಸಲು ನೀರಿರಲಿಲ್ಲ. ಎರಡೂ ಸಂಸಾರಗಳ ಬಾಟಲಿಗಳಲ್ಲಿ ಉಳಿದದ್ದನ್ನು ಪಾತ್ರೆಗೆ ಸುರಿದು, ರಟ್ಟಿನ ಪೆಟ್ಟಿಗೆಗಳನ್ನು ಹರಿದು ಉರಿ ಹಾಕಿದೆವು. ಅಕ್ಕಿ ಅರೆಬೆಂದಿತ್ತು, ನೀರು ಬತ್ತಿಹೋಯಿತು. ತಳದಲ್ಲಿ ಸಿಕ್ಕಿದ ಒಂದಿಷ್ಟು ತಿಳಿಯನ್ನು ಮಗಳಿಗೆ ಕುಡಿಸಿದೆ. ಮರುದಿನ ಟ್ಯಾಂಕರ್ ಬರುವ ಮೊದಲೇ ಅವಳು ಹೋದಳು. ಟ್ಯಾಂಕರ್ ಬಂದಾಗ ಬಾಯಿ ಸಾಲಿನಲ್ಲಿ ನಿಂತು ನನಗೂ ಒಂದು ಬಾಟಲಿ ತುಂಬಿಸಿ ತಂದುಕೊಟ್ಟಳು.

ಗಂಡಸರು ಮಗುವನ್ನು ಎತ್ತಿಕೊಂಡು ಹೋದರು. ಹೆಂಗಸರು ಕಬರಿನ ಹತ್ತಿರ ಹೋಗುವುದು ನಮ್ಮಲ್ಲಿಲ್ಲ. ನಾನು ಡೇರೆಯಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಗಂಡ ವಾಪಸು ಬಂದರು. ಕೈ ತುಂಬ ಮರಳು.

"ನೀರು ಕೊಡು. ಕಬರಿಗೆ ಹಾಕಬೇಕು."

ಮಣ್ಣು ಮುಚ್ಚಿದ ಮೇಲೆ ದುವಾ ಪ್ರಾರ್ಥನೆ ಹೇಳುತ್ತಾ ಗೋರಿಯ ಮೇಲೆ ತಲೆಯಿಂದ ಕಾಲಿನವರೆಗೆ ನೀರು ಹಾಕುವುದು ನಮ್ಮ ಪದ್ಧತಿ. ಅದು ನನಗೂ ಗೊತ್ತಿತ್ತು. ಆದರೆ ಮೈಯೆಲ್ಲ ಉರಿದುಹೋಯಿತು.

"ಜೀವ ಇರುವಾಗ ಸಿಗದ ನೀರು ಈಗ ಯಾಕೆ? ಕೊಡುದಿಲ್ಲ!"

ಬಾಟಲಿಯನ್ನು ಎದೆಗೆ ಅವುಚಿಕೊಂಡೆ. ಅವರು ಬರಿಗೈಯಲ್ಲಿ ತಿರುಗಿ ಹೋದರು. ಬಾಯಿಯ ಮಗನಿಗೂ ಬೆಳಗಿನಿಂದ ಭೇದಿ ಶುರುವಾಗಿತ್ತು. ತುಟಿ ಒಡೆದು ಮೂಲೆಯಲ್ಲಿ ಬಿದ್ದಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಬಾಟಲಿಯ ನೀರನ್ನು ಗುಟುಕು ಗುಟುಕಾಗಿ ಪೂರ್ತಿ ಕುಡಿಸಿದೆ.

ಊರು ಸೇರಿದೆವು. ಯುದ್ಧ ಮುಗಿದ ಮೇಲೆ ಕುವೈತಿಗೆ ಮರಳಿ ಬಂದು, ಲೂಟಿಯಾದ ನಮ್ಮ ಅಂಗಡಿಯನ್ನು ಮತ್ತೆ ಮೊದಲಿಂದ ಎಬ್ಬಿಸಿದೆವು. ಇನ್ನೆರಡು ಮಕ್ಕಳಾದವು, ದೊಡ್ಡವಾದವು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಂಥವಾದವು. ಆ ನೀರಿನ ಬಗ್ಗೆ ಮಾತ್ರ ಗಂಡ ತುಟಿ ಬಿಚ್ಚಲಿಲ್ಲ. ಬೈದಿದ್ದರೆ ಒಂದು ಜಗಳವಾಗಿ ಮುಗಿಯುತ್ತಿತ್ತು. ಮಾತಾಡದವರ ಜೊತೆ ಇಷ್ಟು ಕಾಲ ಬಾಳುವುದು ಎಂಥ ದಣಿವು ಎಂದು ಬಾಳಿದವರಿಗೇ ಗೊತ್ತು.

ಬಾಯಿಯ ಮಗ ಈಗ ಇಲ್ಲೇ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ತಾಯಿಯಂತೆಯೇ ನರ್ಸ್. ಅವನಿಗೂ ತಲೆ ನರೆಯುತ್ತಿದೆ. ಶುಕ್ರವಾರ ರಜೆ ಸಿಕ್ಕಿದರೆ ನಮ್ಮಲ್ಲಿಗೇ ಊಟಕ್ಕೆ ಬರುತ್ತಾನೆ. ಮೊನ್ನೆಯೂ ಬಂದಿದ್ದ. ಗಂಡ ಅನ್ನಕ್ಕೆ ಮೀನುಸಾರು ಕಲಸುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ಕೇಳಿದರು.

"ಅವತ್ತು ಆ ನೀರು ಎಂತ ಮಾಡಿದೆ ನೀನು?"

ಯಾವ ನೀರು ಎಂದು ನಾನು ಕೇಳಲಿಲ್ಲ.

"ಇವನಿಗೆ ಕುಡಿಸಿದೆ."

ಅವನು ತಬ್ಬಿಬ್ಬಾಗಿ ಇಬ್ಬರ ಮುಖವನ್ನೂ ನೋಡಿದ. ಗಂಡ ಅವನನ್ನೇ ದಿಟ್ಟಿಸಿದರು. ಆಮೇಲೆ ಜಗ್ ಎತ್ತಿ ಅವನ ಗ್ಲಾಸಿಗೆ ನೀರು ಬಗ್ಗಿಸತೊಡಗಿದರು. ಅವರ ತುಟಿಗಳು ದುವಾ ಹೇಳುವಂತೆ ಅಲ್ಲಾಡುತ್ತಿದ್ದವು. ಗ್ಲಾಸು ತುಂಬಿತು, ನೀರು ಮೇಜಿನ ಮೇಲೆ ಹರಿಯಿತು, ಆದರೂ ಅವರು ನಿಲ್ಲಿಸಲಿಲ್ಲ.

"ಸಾಕು ಅಂಕಲ್, ಖಲಾಸ್, ಖಲಾಸ್!" ಎಂದು ಅವನು ಜಗ್‌ಗೆ ಕೈ ಚಾಚಿದ.

ನಾನು ಅವನ ಕೈ ಹಿಡಿದುಕೊಂಡೆ.

"ಹಾಕಲಿ ಬಿಡು," ಎಂದೆ.