ಸುಧಾಳ ತೊಟ್ಟಿಗೆ ನಾನು ಬಿಟ್ಟ ಏಡಿ

ಉಪ್ಪಲ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹಿರಿಯ ವಿಜ್ಞಾನ ಶಿಕ್ಷಕಿ. ಬೀದರಿನಿಂದ ಹೊಸದಾಗಿ ಬಂದ ಕಿರಿಯ ಶಿಕ್ಷಕಿ ಸುಧಾ ಗಾಜಿನ ತೊಟ್ಟಿಯಲ್ಲಿ ಕಪ್ಪೆಮರಿಗಳನ್ನು ಸಾಕಿದಳು. ನನ್ನ ಪಾಠಕ್ಕೆ ಆಕಳಿಸುವ ಹುಡುಗಿಯರು ಊಟದ ಬಿಡುವಿನಲ್ಲೂ ಆ ತೊಟ್ಟಿಯ ಬಳಿಯಿಂದ ಕದಲುತ್ತಿರಲಿಲ್ಲ. ನನಗದನ್ನು ಸಹಿಸಲಾಗಲಿಲ್ಲ. ಅವರು ನನ್ನದನ್ನೂ ನೋಡಲಿ ಎಂದು ಒಂದು ಶನಿವಾರ ಮೀನು ಮಾರುವವಳಿಂದ ಕೆರೆಯ ಏಡಿಯೊಂದನ್ನು ತಂದು ಅದೇ ತೊಟ್ಟಿಗೆ ಬಿಟ್ಟೆ. ಏಡಿ ಕೊಳೆತದ್ದನ್ನು ಮಾತ್ರ ತಿನ್ನುತ್ತದೆ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಬರೆಸಿದ್ದನ್ನು ನಾನು ಆಗಲೂ ನಂಬಿದ್ದೆ.

ಸೋಮವಾರ ಒಂದೇ ಒಂದು ಕಪ್ಪೆಮರಿ ಉಳಿದಿತ್ತು. ಅದೂ ಏಡಿಯ ಹಿಡಿತದಲ್ಲಿ ಕಾಲು ಬಡಿಯುತ್ತಿತ್ತು.

ಸುಧಾ ನನ್ನನ್ನು ಬದಿಗೆ ಕರೆದಳು. "ಏಡಿ ಕಪ್ಪಿಮರಿ ತಿಂತೈತಿ ಅಂತ ನಮ್ಮೂರಾಗ ಎಮ್ಮಿ ಕಾಯೋರಿಗೂ ಗೊತ್ತೈತ್ರಿ ಮೇಡಂ. ನಿಮಗ ಗೊತ್ತಿರಲಿಲ್ಲೇನ್ರಿ? ಇಲ್ಲಾ, ಬೇಕಂತ ಬಿಟ್ರೇನ್ರಿ?"

ನಾನು ಸೆರಗು ಸರಿಪಡಿಸಿಕೊಂಡೆ.

"ಬೇಕಂತನ ಬಿಟ್ಟೆ," ಎಂದೆ.

"ಹೊಟ್ಟಿಕಿಚ್ಚಿಗೇನ್ರಿ?"

"ಹೌದು."

ಆಕೆ ಬಹಳ ದಿನ ನನ್ನೊಡನೆ ಮಾತು ಬಿಟ್ಟಳು. ಸ್ಟಾಫ್ ರೂಮಿನಲ್ಲಿ ನನ್ನ ಹೊಟ್ಟೆಕಿಚ್ಚಿನ ಸುದ್ದಿ ಹಬ್ಬಿತು. ಹಬ್ಬಲಿ ಬಿಡಿ. ನನ್ನ ವಿಜ್ಞಾನದ ಬಗ್ಗೆ ಮಾತ್ರ ಯಾರೂ ಒಂದು ಮಾತೂ ಆಡಲಿಲ್ಲ.