ಕೆರೆಯೊಳಗಿನ ಗುಂಡಿಯ ನಕ್ಷೆ

2006ರಲ್ಲಿ ನಾನು ಬೆಂಗಳೂರಿನ ವಿಜಯನಗರದ ಕಾಲೇಜೊಂದರಲ್ಲಿ ಪರಿಸರ ವಿಜ್ಞಾನದ ಉಪನ್ಯಾಸಕನಾಗಿದ್ದೆ. ಮಲ್ಲತ್ತಹಳ್ಳಿ ಕಡೆಯ ಕೆರೆಯೊಂದನ್ನು ಎರಡು ಕಾಲೇಜುಗಳು ಜೊತೆಯಾಗಿ ಅಧ್ಯಯನ ಮಾಡುತ್ತಿದ್ದವು. ನೀರಿನ ಗುಣಮಟ್ಟ ನಮ್ಮ ಪಾಲು. ಆಳ, ಹೂಳು ಇನ್ನೊಂದು ಕಾಲೇಜಿನವರ ಪಾಲು. ಜೊತೆ ಎಂಬುದು ಹೆಸರಿಗಷ್ಟೇ. ಸಂಶೋಧನಾ ಪ್ರಬಂಧ ಅಚ್ಚಾಗುವವರೆಗೆ ಒಬ್ಬರ ಡೇಟಾ ಇನ್ನೊಬ್ಬರಿಗೆ ತೋರಿಸಬಾರದೆಂಬುದು ಆಗಿನ ರೂಢಿ.

ಆ ಬೇಸಿಗೆಯ ಬೆಳಗ್ಗೆ ಕೆರೆ ಅಲುಗಾಡದೆ ಮಲಗಿತ್ತು. ಆಕಾಶವೆಲ್ಲ ನೀರಿಗಿಳಿದಿತ್ತು. ಧಾರವಾಡದಿಂದ ಬಂದಿದ್ದ ನನ್ನ ಸಹೋದ್ಯೋಗಿ ಸವಿತಾ ಸ್ಯಾಂಪಲ್ ಬಾಟಲಿ ಹಿಡಿದು, ಮೊಣಕಾಲುದ್ದದ ನೀರಿನಲ್ಲಿ, ಮೋಡಗಳ ಮೇಲೆ ಕಾಲಿಟ್ಟಂತೆ ನಡೆಯುತ್ತಿದ್ದರು.

"ಬರ್ರಿ ಸರ, ಹೆದರ್ತೀರೇನು? ಎಮ್ಮಿ ಸುದ್ದಾ ಮುಳುಗಂಗಿಲ್ಲ ಇದರಾಗ!"

ಅಷ್ಟರಲ್ಲಿ ಏರಿಯ ಮೇಲೆ ಸ್ಕೂಟರ್ ನಿಂತಿತು. ಇನ್ನೊಂದು ತಂಡದ ಮಂಜುನಾಥ್ ಕೂಗಿದರು: "ಮೇಡಂ, ಮುಂದೆ ಹೋಗ್ಬೇಡಿ! ಗುಂಡಿ ಇದೆ ಅಲ್ಲಿ!"

ಸವಿತಾ ತಿರುಗಿ ನೋಡಿದರು. ಎತ್ತಿದ್ದ ಕಾಲು ಇಳಿಯಿತು, ಇಳಿಯುತ್ತಲೇ ಹೋಯಿತು. ಸದ್ದೇ ಇಲ್ಲ. ನೀರಿನಲ್ಲಿದ್ದ ಮೋಡ ಒಮ್ಮೆ ಮಡಿಚಿಕೊಂಡಿತು, ಅವರು ಕಾಣಲಿಲ್ಲ. ಆಮೇಲೆ ಒಂದು ಕೈ ಮೇಲೆ ಬಂತು. ದಡದಲ್ಲಿದ್ದ ನಾನು ಅಲ್ಲೇ ಬಿದ್ದಿದ್ದ ಬಿದಿರ ಗಳು ಚಾಚಿದೆ. ಕೂಗು ಕೇಳಿ ನಿಂತದ್ದರಿಂದ ಅವರು ಗುಂಡಿಯ ಅಂಚಿನಲ್ಲೇ ಜಾರಿದ್ದರು. ಇನ್ನೂ ಮುಂದೆ ಹೋಗಿದ್ದರೆ ಗಳು ಎಟುಕುತ್ತಿರಲಿಲ್ಲ. ಆ ಬೆರಳುಗಳು ಬಿದಿರನ್ನು ಬಿಗಿಹಿಡಿದಾಗಿನ ಅದುರು ಇಂದಿಗೂ ನಿದ್ದೆಯಲ್ಲಿ ನನ್ನ ಅಂಗೈಗೆ ಬರುತ್ತದೆ. ಕೆಲವು ಸಲ ಕನಸಿನಲ್ಲಿ ಸ್ಕೂಟರ್ ಬರುವುದೇ ಇಲ್ಲ.

ಏರಿಯ ಮೇಲೆ ಕೆಮ್ಮಿ ಸುಧಾರಿಸಿಕೊಂಡು ಸವಿತಾ ಕೇಳಿದರು: "ಗುಂಡಿ ಅದ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

"ಯಾವಾಗ್ಲೋ ಮಣ್ಣು ತೆಗೆದಿರೋದು ಮೇಡಂ. ಆಳ ಅಳೆದು ಮ್ಯಾಪ್ ಮಾಡಿದೀವಿ. ಪೇಪರ್ ಪಬ್ಲಿಷ್ ಆಗೋವರೆಗೂ ಯಾರಿಗೂ ಕೊಡ್ಬೇಡಿ ಅಂದಿದ್ರು ನಮ್ ಸಾರ್."

"ಅದು ಬರೂದ್ರಾಗ ನನ್ನ ತಿಥಿ ಊಟಾನ ಮುಗೀತಿತ್ತಲ್ರೀ!"

ಮಂಜುನಾಥ್ ನಗಲಿಲ್ಲ. ಚೀಲದಿಂದ ನಕ್ಷೆ ತೆಗೆದು ಕಲ್ಲಿನ ಮೇಲೆ ಹರಡಿದರು. "ಸಾರ್ ಬೈತಾರೆ. ಬೈಲಿ ಬಿಡಿ, ಬೈಸ್ಕೋತೀನಿ."

ಅವರ ಸಾರ್ ಬೈದದ್ದೂ ನಿಜ. ಸವಿತಾ ತಾವೇ ಹೋಗಿ ಎದುರು ಕುಳಿತು ನಡೆದದ್ದನ್ನು ಹೇಳಿದ ಮೇಲೆ ಆ ಸಾರ್ ನಕ್ಷೆ ಹಂಚಲು ಒಪ್ಪಿದರು. ಮುಂದೆ ನಾವೆಲ್ಲ ಸೈಬರ್ ಸೆಂಟರಿನಲ್ಲಿ ಕೂತು ಎರಡೂ ತಂಡಗಳ ಅಳತೆಗಳನ್ನು, ಅಳೆದ ವಿಧಾನವನ್ನು, ಖಚಿತವಿಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಯಾರು ಬೇಕಾದರೂ ನೋಡುವಂತೆ ಅಂತರ್ಜಾಲಕ್ಕೆ ಏರಿಸಿದೆವು. ಇದಕ್ಕೆ ಓಪನ್ ಸೈನ್ಸ್, ಅಂದರೆ ಮುಕ್ತ ವಿಜ್ಞಾನ, ಎಂಬ ಹೆಸರಿದೆಯೆಂದು ತಿಳಿದದ್ದು ಆಮೇಲೆ. ನಕ್ಷೆಯ ಇನ್ನೊಂದು ಪ್ರತಿ ಏರಿಯ ಟೀ ಅಂಗಡಿಯ ಗೋಡೆ ಸೇರಿತು.

ಅರ್ಧ ಮುಗಿದ ಕೆಲಸವನ್ನು ಹಂಚಿಕೊಂಡರೆ ಹೆಸರು ಬೇರೆಯವರ ಪಾಲಾದೀತೆಂಬ ಅಳುಕು ಈಗಲೂ ಬರುತ್ತದೆ. ಬಂದಾಗಲೆಲ್ಲ ಆ ಬೆಳಗಿನ ನಿಶ್ಚಲ ನೀರು ಕಣ್ಣ ಮುಂದೆ ಹರಡಿಕೊಳ್ಳುತ್ತದೆ. ನಾವು ಬರೆದು ಮುಗಿಸುವವರೆಗೆ ಯಾರೂ ದಡದಲ್ಲಿ ಕಾಯುತ್ತಾ ನಿಲ್ಲುವುದಿಲ್ಲ.