ಒಣಗಿದ ಮೇಲೆ ಕಂಡ ಸುಳಿ

ಡಾಕ್ಟರಬಾಯಿಯವರ ನೆತ್ತಿಯಲ್ಲಿ ಎರಡು ಸುಳಿಗಳಿದ್ದವು, ಜಗಳಾಡಿ ಒಂದಕ್ಕೊಂದು ಬೆನ್ನು ತಿರುಗಿಸಿ ಕುಳಿತಂತೆ. ಎಲ್ಲಿ ಬೈತಲೆ ತೆಗೆದರೂ ಕೂದಲು ಮಾತು ಕೇಳುತ್ತಿರಲಿಲ್ಲ. ಆ ರವಿವಾರ ಬೆಳಿಗ್ಗೆಯೂ ಅಂಗಳಕ್ಕೆ ನೀರು ಹೊಡೆದು, ಹಾಲು ಕಾಯಲಿಟ್ಟು, ಎಂದಿನಂತೆ ಕಟ್ಟೆಯ ಮೇಲೆ ಕೂತು ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದೆ.

ತೊಂಬತ್ತರ ದಶಕದ ಕೊನೆ. ಬೈಲಹೊಂಗಲಕ್ಕೆ ದನದ ಡಾಕ್ಟರಾಗಿ ಬಂದ ಅವರು ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದರು. ದನ, ಎಮ್ಮೆ ನೋಡುವುದು ನೌಕರಿ. ಕುದುರೆ ಅವರ ಹುಚ್ಚು. ರಜೆ ಸಿಕ್ಕರೆ ಸಾಕು, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬಸ್ಸು ಹತ್ತಿ ಕುದುರೆಗಳ ಸುಳಿ ನೋಡಲು ಹೊರಡುವರು. ಸುಳಿ ತಾಯಿಯಿಂದ ಬರುತ್ತದೋ, ತಂದೆಯಿಂದಲೋ? ಎಡಕ್ಕೆ ತಿರುಗಿದ ಸುಳಿಯ ಕುದುರೆ ಮೊದಲು ಯಾವ ಕಾಲು ಎತ್ತಿಡುತ್ತದೆ? ಬಾಲದ ಕೂದಲನ್ನು ಬುಡ ಸಮೇತ ಕಿತ್ತು, ಕಾಗದದಲ್ಲಿ ಮಡಚಿ, ಪರೀಕ್ಷೆಗೆ ಕಳಿಸುವರು. ನನ್ನನ್ನು ಅವರು ವೈನಿ, ಅತ್ತಿಗೆ, ಎಂದೇ ಕರೆಯುತ್ತಿದ್ದರು; ಸುಳಿಗಳ ಚಿತ್ರ ಬರೆಯುವ ಕೆಲಸ ನನ್ನದಾಗಿತ್ತು. ಅಜ್ಜಿ ಕಲಿಸಿದ ಕಸೂತಿಯ ಗೆರೆಗಳೆಲ್ಲ ನೇರ. ಸುಳಿ ಬರೆಯಲು ಕಾನ್ವೆಂಟಿನ ಸಿಸ್ಟರ್ ಕಲಿಸಿದ ಸರಪಳಿ ಹೊಲಿಗೆಯ ಕೈಯೇ ನೆರವಿಗೆ ಬಂತು.

ನಮ್ಮ ಓಣಿಯಲ್ಲಿ ಟಾಂಗಾ ಹೊಡೆಯುವ ಸಾಹೇಬರ ಕಂದು ಕುದುರೆಗೆ ಎಡಗಣ್ಣಿನ ಕೆಳಗೊಂದು ಸುಳಿ. ಕಣ್ಣೀರು ಸುಳಿ ಎನ್ನುತ್ತಾರೆ. ಅದಿರುವ ಕುದುರೆ ಕಟ್ಟಿದ ಮನೆಗೆ ಅಳು ತಪ್ಪುವುದಿಲ್ಲವಂತೆ. ಎದುರು ಮನೆಯಾಕೆ, ಓಣಿಗೆಲ್ಲ ಕಾಕು, ಆ ಟಾಂಗಾವನ್ನು ತಮ್ಮ ಬಾಗಿಲ ಮುಂದೆ ನಿಲ್ಲಲೂ ಬಿಡುತ್ತಿರಲಿಲ್ಲ. ಸಾಹೇಬರು ಜಾರಿಬಿದ್ದು ಕೈ ಮುರಿದುಕೊಂಡಾಗ ಅವರ ತಾಯಿ ಕುದುರೆ ಮಾರಲು ಹಟ ಹಿಡಿದರು. ಅದು ಆಗ ಗಬ್ಬವಾಗಿತ್ತು.

"ಮರಿ ಹಾಕೂ ಮಟಾ ತಡೀರಿ ಅಮ್ಮಾ," ಎಂದು ಡಾಕ್ಟರಬಾಯಿ ಬೇಡಿಕೊಂಡರು.

"ತಡೀತೇನಿ. ಮರಿಗೂ ಅದ ಸುಳಿ ಬಂತಂದ್ರ ತಾಯಿ, ಮರಿ ಎರಡೂ ಹೊರಗ!"

ಆ ರವಿವಾರ ಅರ್ಧ ತಲೆಗೆ ಎಣ್ಣೆಯಾಗಿತ್ತು. ಪಟ್ಟಿ ಕಟ್ಟಿದ ಕೈ ಎದೆಗೊತ್ತಿಕೊಂಡು ಸಾಹೇಬರು ಓಡಿಬಂದರು. "ಬಾಯಾರ, ಮರಿ ಹಾಕೇತ್ರಿ!"

ಡಾಕ್ಟರಬಾಯಿ ಬಿಚ್ಚುಗೂದಲಿನಲ್ಲೇ ಓಡಿದರು. ಹಾಲು ಇಳಿಸಿ, ಎಣ್ಣೆಗೈಯಲ್ಲೇ ನಾನೂ ಓಡಿದೆ.

ಮರಿ ತೊಯ್ದು ತೊಪ್ಪೆಯಾಗಿ ನಡುಗುತ್ತಿತ್ತು. ಸಾಹೇಬರ ಅಮ್ಮ ಅದರ ಮುಖ ಹಿಡಿದು ನೋಡಿ ಕೂಗಿದರು: "ಸುಳಿ ಇಲ್ಲ! ಅಲ್ಲಾ ಕಾಯ್ದ!"

"ಅಮ್ಮಾ, ಇನ್ನ ಹಸಿ ಐತಿ. ಕೂದಲಾ ಒಣಗಲಿ, ಆಮ್ಯಾಲೆ ಹೇಳೂಣು."

"ಸುಮ್ನಿರವ್ವಾ, ನಿಂದು ಎಲ್ಲಾದ್ರಾಗೂ ಅನುಮಾನ!" ಅಮ್ಮ ತಾಟು ತುಂಬ ಸಕ್ಕರೆ ಹಿಡಿದು ಓಣಿಗಿಳಿದೇಬಿಟ್ಟರು. ಮನೆ ಮನೆಗೆ ಹಂಚಿದರು.

ಇತ್ತ ತಾಯಿ ನೆಕ್ಕುತ್ತ ನೆಕ್ಕುತ್ತ, ಎಳೆಬಿಸಿಲು ಬಿದ್ದಂತೆ, ಮರಿಯ ಮೈ ಒಣಗತೊಡಗಿತು. ಹಣೆಯ ಮೇಲೆ ಕೂದಲೆದ್ದಿತು. ಕೆನ್ನೆಯಲ್ಲಿ ಎದ್ದಿತು. ಎಡಗಣ್ಣಿನ ಕೆಳಗೆ ಎದ್ದ ಕೂದಲು, ಬಟ್ಟಲಲ್ಲಿ ಕಲಕಿದ ಹಾಲಿನಂತೆ, ಮೆಲ್ಲಗೆ ತಿರುಗಿ ನಿಂತಿತು.

"ಬಂತ್ ನೋಡ್ರಿ ವೈನಿ! ತಾಯೀದ, ಥೇಟ್ ತಾಯೀದ!" ಡಾಕ್ಟರಬಾಯಿ ನನ್ನ ಕೈ ಹಿಚುಕಿ ಕುಣಿದುಬಿಟ್ಟರು. ಕುಣಿದ ಮೇಲೆ, ಅದರರ್ಥ ಹೊಳೆದು, ಅವರ ಮುಖ ಬಿಳುಚಿತು. ಬಾಗಿಲಲ್ಲಿ ಖಾಲಿ ತಾಟು ಹಿಡಿದು ಅಮ್ಮ ನಿಂತಿದ್ದರು.

ಸಾಹೇಬರು ನೆಲ ನೋಡಿದರು. ಡಾಕ್ಟರಬಾಯಿ ಹೋಗಿ ಅಮ್ಮನ ಮುಂದೆ ತಲೆ ಬಗ್ಗಿಸಿದರು.

"ಇಲ್ಲಿ ನೋಡ್ರಿ ಅಮ್ಮಾ, ಎರಡು ಸುಳಿ. ಎರಡು ಮದುವಿ ಆಗ್ತಾವಂತ ಊರೆಲ್ಲಾ ಹೇಳಿದ್ರು. ಒಂದಾದ್ರೂ ಆತೇನ್ರಿ?"

ಅಮ್ಮ ಬೆರಳಿಟ್ಟು ನೋಡಿದರು. ಒಂದು ಸುಳಿಗೆ ಎಣ್ಣೆ, ಇನ್ನೊಂದಕ್ಕೆ ಇಲ್ಲ. ತಡೆದುಕೊಂಡಿದ್ದ ನಗು ಬುಸ್ಸನೆ ಹೊರಬಂತು. "ಮೊದಲ ಎಣ್ಣಿನರ ಪೂರಾ ಹಚಗೊಂಡ ಬಾರವ್ವಾ!" ಮಗನ ಕಡೆ ತಿರುಗಿ ಗದರಿದರು: "ಏನ್ ನೋಡ್ತೀ? ಓಣಿ ಮಂದೆಲ್ಲಾ ಸಕ್ಕರಿ ತಿಂದಾರ. ಈಗ ಹೋಗಿ ಉಗುಳ್ರಿ ಅನ್ನಾಕ ಬರತೈತೇನು? ಇರ್ಲಿ, ಎರಡೂ ಇರ್ಲಿ."

ಮಧ್ಯಾಹ್ನ ಆ ಮರಿಯ ಸುಳಿಯನ್ನು ಬರೆದೆ. ಉತ್ಸಾಹದಲ್ಲಿ ಗೆರೆ ಎರಡು ಸಲ ತಪ್ಪಿತು. ಮುಗಿಸಿದಾಗ ಡಾಕ್ಟರಬಾಯಿ ಹೇಳಿದರು: "ಕೆಳಗ ನಿಮ್ಮ ಹೆಸರು ಬರೀರಿ ವೈನಿ. ನೋಡಿದವರು ನೀವು." ಮದುವೆಯಾದ ಮೇಲೆ ಯಾವುದರ ಕೆಳಗೂ ನಾನು ಹಾಗೆ ಹೆಸರು ಬರೆದಿರಲಿಲ್ಲ. "ಒಂದ ಮರಿಯಿಂದ ಏನೂ ಸಿದ್ಧ ಆಗೂದಿಲ್ಲ, ಇನ್ನೂ ಭಾಳ ನೋಡಬೇಕು," ಎನ್ನುತ್ತಲೇ ಅವರು ಮುಂದಿನ ರವಿವಾರದ ರಾಮದುರ್ಗದ ಬಸ್ಸಿನ ವೇಳೆ ಕೇಳಿದರು.

ಆಮೇಲೆ ವರ್ಗವಾಗಿ ಹೋದರು. ಈಗ ಅವರಿಲ್ಲ. ಇವತ್ತಿಗೂ ಯಾರ ತಲೆಗೆ ಎಣ್ಣೆ ಹಚ್ಚಿದರೂ ನನ್ನ ಬೆರಳು ಮೊದಲು ಸುಳಿ ಹುಡುಕುತ್ತದೆ, ಅದು ಎತ್ತ ತಿರುಗಿದೆ ಎಂದು ನೋಡುತ್ತದೆ. ಹಾಗೆ ನೋಡುವುದನ್ನು ಕಲಿಸಿದವರು ಅವರು.

ಮರಿ ಹುಟ್ಟಿದ ಆ ರವಿವಾರದ ಸಂಜೆ ಲೋಟ ಹಿಡಿದು ಎದುರು ಮನೆಯ ಕಾಕು ನಮ್ಮ ಬಾಗಿಲಿಗೆ ಬಂದರು. ಮರಿಗೂ ಕಣ್ಣೀರು ಸುಳಿ ಬಂದದ್ದು ಅಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿತ್ತು. ಏನನ್ನುತ್ತಾರೋ ಎಂದು ಡಾಕ್ಟರಬಾಯಿ ಮೆಟ್ಟಿಲ ಮೇಲೇ ನಿಂತರು.

"ಆ ಸುಳಿ ಮರಿ ಸಕ್ಕರಿ ಒಂದೀಟು ಉಳದೇತೇನವಾ?" ಎಂದರು ಕಾಕು. "ಚಾಕ್ಕ ಎಸರಿಟ್ಟೇನಿ, ಡಬ್ಬಿ ನೋಡಿದ್ರ ಖಾಲಿ."